ಸ್ವಂತ ಖರ್ಚಿನಲ್ಲಿ ಮೊದಲ ಪುಸ್ತಕ: ಮಡಿಕೇರಿಯ ಪ್ರೆಸ್‌ಗೆ ನನ್ನ ಮಾರ್ಕ್ಸು

ನಮ್ಮ ಕಾಫಿ ತೋಟದ ನೆನಪುಗಳ ಪುಸ್ತಕ ಕೊನೆಗೂ ಕೈಗೆ ಬಂತು. ಡೆಮಿ 1/8 ಸೈಜು (ಮಾಮೂಲಿ ಕಾದಂಬರಿಯ ಅಳತೆ), 160 ಪುಟ, 300 ಪ್ರತಿ. ಮಾಡಿಸಿದ್ದು ಮಡಿಕೇರಿಯ ಒಂದು ಸಣ್ಣ ಪ್ರೆಸ್‌ನಲ್ಲಿ. ಐದಕ್ಕೆ ನಾಲ್ಕು ಕೊಡುತ್ತೇನೆ.

ಮೊದಲು ಆನ್‌ಲೈನ್‌ನಲ್ಲಿ ಸಿಕ್ಕ ಒಂದು ಸಂಸ್ಥೆಯ ಪ್ಯಾಕೇಜ್ ವಿಚಾರಿಸಿದ್ದೆ. ಐಎಸ್‌ಬಿಎನ್‌ಗೇ, ಅಂದರೆ ಪುಸ್ತಕವನ್ನು ಗುರುತಿಸುವ ನಂಬರಿಗೇ, ಮೂರು ಸಾವಿರ ಬರೆದಿದ್ದರು. ಅದು ಪುಕ್ಕಟೆ ಸಿಗುವಂಥದ್ದು! ದೆಹಲಿಯ ರಾಜಾ ರಾಮಮೋಹನ್ ರಾಯ್ ಐಎಸ್‌ಬಿಎನ್ ಏಜೆನ್ಸಿಗೆ ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಬೇರೆಯವರ ನಂಬರ್ ಹಾಕಿಸಿಕೊಂಡರೆ ದಾಖಲೆಯಲ್ಲಿ ಪ್ರಕಾಶಕರೂ ಅವರೇ ಆಗುತ್ತಾರೆ, ನೆನಪಿರಲಿ.

ಪ್ರೆಸ್‌ನವರು ಮೊದಲು ಕೇಳಿದ್ದು ಎಷ್ಟು ಪುಟ ಅಂತ. ನನ್ನದು 165 ಬಂದಿತ್ತು. "16 ಪುಟ ಒಟ್ಟಿಗೆ ಅಚ್ಚಾಗುತ್ತೆ, ಅದೇ ಒಂದು ಫಾರಂ. ಹತ್ತು ಫಾರಂಗೆ ನಿಲ್ಲಿಸಿ ಮೇಡಂ, ಆ ಐದು ಪುಟಕ್ಕೆ ಇನ್ನೊಂದು ಫಾರಂ ಹಾಕಿದ್ರೆ ಸುಮ್ನೆ ದುಡ್ಡು ಹೋಗುತ್ತೆ" ಅಂದರು. ಮುನ್ನುಡಿ ಕತ್ತರಿಸಿದೆ. ಪುಸ್ತಕಕ್ಕೂ ಅದೇ ಒಳ್ಳೆಯದಾಯಿತು.

ಆದರೆ ಅವರು ಮಾಡಿದ ದೊಡ್ಡ ಉಪಕಾರ ಬೇರೆ. ನಾನು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದೆ, ಅವರು ಯೂನಿಕೋಡ್‌ಗೆ ಬದಲಾಯಿಸಿದರು. ಸ್ಕ್ರೀನ್ ಮೇಲೆ ಓಡಿಸಿ ನೋಡಿ ಸರಿ ಇದೆ ಅಂದುಬಿಟ್ಟಿದ್ದೆ. ಅವರು ಒಪ್ಪದೆ, ಪುಸ್ತಕಕ್ಕೆ ಹಾಕುವ ಅದೇ ಪೇಪರಿನಲ್ಲಿ ಪೂರ್ತಿ ಪ್ರೂಫ್ ತೆಗೆದು ಕೊಟ್ಟು, ಮನೆಗೆ ಒಯ್ದು ಪೆನ್ನು ಹಿಡಿದು ಓದಿ ಅಂದರು. ಓದಿದರೆ 'ವರ್ಷ' ಅಂತ ಇದ್ದಲ್ಲಿ 'ವಷರ್', 'ಸೂರ್ಯ' ಇದ್ದಲ್ಲಿ 'ಸೂಯರ್'. ಬದಲಾಯಿಸುವಾಗ ಅರ್ಕಾವತ್ತು ಬಂದ ಕಡೆಯೆಲ್ಲ ಹೀಗಾಗಿತ್ತು. ಅಜ್ಜಿ ತೀರಿಕೊಂಡ ವರ್ಷದ ಬಗ್ಗೆ ಬರೆದ ಒಂದೇ ಪುಟದಲ್ಲಿ ಏಳು ಸಲ. ಅದು ಹಾಗೇ ಅಚ್ಚಾಗಿದ್ದರೆ? ಆ ಪ್ರೂಫಿನಿಂದಲೇ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್ಲಿಥೋ ಕಾಗದದಲ್ಲಿ ಹಿಂದಿನ ಪುಟದ ಅಕ್ಷರ ಕಾಣಿಸುತ್ತದೆ ಅಂತಲೂ ಗೊತ್ತಾಯಿತು, 80ಕ್ಕೆ ಹೋದೆವು. ಯಾರ ಹತ್ತಿರವೇ ಮಾಡಿಸಿ, ಕಾಗದದ ಪ್ರೂಫ್ ಪೂರ್ತಿ ಓದದೆ ಪ್ರಿಂಟಿಗೆ ಹೂಂ ಅನ್ನಬೇಡಿ. ಆಗದಿದ್ದರೆ ಮನೆಯಲ್ಲಿ ಬೇರೆಯವರ ಕೈಲಾದರೂ ಓದಿಸಿ.

ಒಂದು ಮಾರ್ಕು ಕಳೆದದ್ದು ಬೈಂಡಿಂಗ್‌ಗೆ. ಕಕ್ಕಡದ (ಕೊಡಗಿನ ಆಷಾಢದ) ಮಳೆ, ನಾಲ್ಕು ದಿನ ಕರೆಂಟಿಲ್ಲ, ಗೋಂದು ಸರಿಯಾಗಿ ಹಿಡಿದಿರಲಿಲ್ಲ. ಹನ್ನೆರಡು ಪ್ರತಿಗಳ ಮೊದಲ ಹಾಳೆಗಳು ಕೈಗೇ ಬಂದವು, ಸುಮಾರು ಪ್ರತಿಗಳ ಮುಖಪುಟ ಸುರುಳಿಯಾಗಿತ್ತು. ದುಡ್ಡು ತೆಗೆದುಕೊಳ್ಳದೆ ಮತ್ತೆ ಬೈಂಡ್ ಮಾಡಿಕೊಟ್ಟರು, ಆದರೆ ಈ ಹವೆಯಲ್ಲಿ ಬೇಡ ಅಂತ ಮೊದಲೇ ಹೇಳಬಹುದಿತ್ತು ಅಲ್ವಾ? ಉಳಿದ ಪುಸ್ತಕಗಳನ್ನು ಬೂಷ್ಟು ಹಿಡಿಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೇರಿಸಿದ್ದೇನೆ. ಸಾವಿರ ಹಾಕಿಸಿದರೆ ರೇಟು ಇಳಿಯುತ್ತದೆ ನಿಜ, ಆದರೆ ಕೊಡಗಿನ ಮಳೆಗಾಲದಲ್ಲಿ ಅಷ್ಟನ್ನು ಎಲ್ಲಿಡುತ್ತೀರಿ?

ಇನ್ನೊಂದು ವಿಷಯ, ಇದನ್ನು ಪ್ರೆಸ್‌ನವರು ಮಾಡಿಕೊಡುವುದಿಲ್ಲ. 1954ರ ಕಾನೂನಿನ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರಕಾಶಕರೇ ಒಂದೊಂದು ಪ್ರತಿ ಕಳಿಸಬೇಕು. ಇಲ್ಲಿ ಪ್ರಕಾಶಕರು ಅಂದರೆ ನೀವೇ.

ಮುಂದಿನ ಪುಸ್ತಕವನ್ನೂ ಅಲ್ಲಿಗೇ ಕೊಡುತ್ತೇನೆ. ಕಾಫಿ ಕೊಯ್ಲು ಮುಗಿದ ಮೇಲೆ, ಒಳ್ಳೆ ಬಿಸಿಲಿರುವಾಗ.