ಮುಳುಗಡೆಯ ಊರುಗಳ ಮನೆಗಳು: ಅಪ್ಪರ್ ಕೆನಡಾ ವಿಲೇಜ್

ವಿಜಯನಾಥ ಶೆಣೈಯವರು ಕುಂಜೂರಿನ ಚೌಕಿ ಮನೆಯಂಥ ಹಳೆಯ ಮನೆಗಳ ಕಂಬ, ತೊಲೆ, ಬಾಗಿಲುಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದ ಬಗೆಯನ್ನು ಉಡುಪಿಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮಗಳ ಮನೆಗೆಂದು ಒಟ್ಟಾವಾಕ್ಕೆ ಹೋಗಿದ್ದಾಗ, ಅಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಾದ ಮಾರಿಸ್‌ಬರ್ಗ್ ಬಳಿಯ ಅಪ್ಪರ್ ಕೆನಡಾ ವಿಲೇಜನ್ನು ನಾನು ಆ ನೆನಪಿನಲ್ಲಿಯೇ ನೋಡಿದೆ. ಬೇಸಿಗೆಯಲ್ಲಿ ಮಕ್ಕಳ ಮನೆಗೆ ಹೋಗುವ ನಮ್ಮ ಕಡೆಯ ತಂದೆತಾಯಿಯರು ನಯಾಗರಾದ ಜೊತೆಗೆ ಇದಕ್ಕೂ ಒಂದು ಇಡೀ ದಿನ ಇಟ್ಟುಕೊಳ್ಳುವುದು ಒಳ್ಳೆಯದು.

ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲಿ 1961ರಲ್ಲಿ ತೆರೆದ ಈ ವಸ್ತುಸಂಗ್ರಹಾಲಯದ ನಲವತ್ತಕ್ಕೂ ಹೆಚ್ಚು ಕಟ್ಟಡಗಳು 1860ರ ದಶಕದ ಹಳ್ಳಿಯೊಂದನ್ನು ತೋರಿಸುತ್ತವೆ. ಇಲ್ಲಿ ನೋಡಬೇಕಾದದ್ದು ಗಾಜಿನ ಪೆಟ್ಟಿಗೆಯಲ್ಲಿಟ್ಟ ಸಾಮಾನಲ್ಲ, ನಡೆಯುತ್ತಿರುವ ಕೆಲಸ: ಕುಲುಮೆ, ಉಣ್ಣೆಯ ಗಿರಣಿ, ನೀರಿನ ಬಲದಿಂದ ತಿರುಗುವ ಗರಗಸ. ಹಿಟ್ಟಿನ ಗಿರಣಿಯಲ್ಲಿ ಬೀಸಿದ ಗೋಧಿಯ ಬ್ರೆಡ್ಡನ್ನು ಮಾರುತ್ತಾರೆ. ಬನ್ಸ್‌ಗೆ ಒಗ್ಗಿದ ನಾಲಿಗೆಗೆ ಅದರ ಮೇಲ್ಪದರ ತುಸು ಗಟ್ಟಿಯೆನಿಸಿದರೂ ರುಚಿ ಚೆನ್ನಾಗಿದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಮನೆಗಳು ಇಲ್ಲಿಗೆ ಬಂದ ಕಾರಣ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ದೊರೆಯ ಪಕ್ಷ ವಹಿಸಿದ್ದವರು 1784ರಿಂದ ಈ ದಂಡೆಯಲ್ಲಿ ನೆಲೆಸಿ, ಆಲ್ಟ್ಸ್‌ವಿಲ್, ಮೂಲಿನೆಟ್, ವೇಲ್ಸ್ ಮೊದಲಾದ ಊರುಗಳು ಬೆಳೆದವು. ವಿದ್ಯುತ್ತಿಗೂ ಹಡಗುಗಳ ಸಂಚಾರಕ್ಕೂ ನದಿಗೆ ಅಣೆಕಟ್ಟು ಕಟ್ಟಿದ ಮೇಲೆ, 1958ರ ಜುಲೈ 1ರಂದು ತಡೆಗೋಡೆಯೊಂದನ್ನು ಸ್ಫೋಟಿಸಿ ನೀರು ಬಿಟ್ಟರು. ನಾಲ್ಕು ದಿನಗಳಲ್ಲಿ ಹತ್ತು ಊರುಗಳಿದ್ದ ನೆಲ ಸರೋವರವಾಯಿತು. ಸುಮಾರು 6,500 ಜನ ನೆಲೆ ಬಿಡಬೇಕಾಯಿತು. ಐನೂರಕ್ಕೂ ಹೆಚ್ಚು ಮನೆಗಳನ್ನು ದೈತ್ಯ ಯಂತ್ರಗಳಿಂದ ಇಡಿಯಾಗಿ ಎತ್ತಿ ಹೊಸ ಜಾಗಗಳಿಗೆ ಸಾಗಿಸಿದರು. ಕಪಾಟಿನ ಪಿಂಗಾಣಿಯನ್ನೂ ತೆಗೆದಿಡಬೇಕಾಗಿರಲಿಲ್ಲವಂತೆ. ಲಿಂಗನಮಕ್ಕಿಯ ಕಥೆಗಳನ್ನು ಘಟ್ಟದ ಮೇಲಿನ ನೆಂಟರ ಬಾಯಲ್ಲಿ ಕೇಳಿ ಬೆಳೆದ ನನಗೆ, ಮುಳುಗಡೆಯಲ್ಲಿ ಮನೆಯೂ ಜೊತೆಗೆ ಬರಬಹುದೆಂಬ ಮಾತೇ ವಿಚಿತ್ರವಾಗಿ ಕೇಳಿಸಿತು.

ನನ್ನ ಆಕ್ಷೇಪ ಒಂದೇ. ಬೇರೆ ಬೇರೆ ಊರುಗಳಿಂದ ಬಂದ ಕಟ್ಟಡಗಳು ಇಲ್ಲಿ ಒಂದೇ ಬೀದಿಯ ನೆರೆಹೊರೆಯಂತೆ ನಿಂತಿರುವುದರಿಂದ, ಇಂಥದೊಂದು ಹಳ್ಳಿ ನಿಜವಾಗಿ ಇತ್ತೆಂದೇ ನೋಡುವವರು ತಿಳಿಯುವ ಸಂಭವವಿದೆ. ಬೀದಿಯೂ ಹಳ್ಳಿಗೆ ತಕ್ಕುದಕ್ಕಿಂತ ಹೆಚ್ಚು ಚೊಕ್ಕಟವಾಗಿದೆ. ಆದ್ದರಿಂದ ಲಾಂಗ್ ಸೂ ಬಳಿಯ ಆಲ್ಟ್ ಪಾರ್ಕಿನಲ್ಲಿರುವ, ಮುಳುಗಿದ ಊರುಗಳದ್ದೇ ಆದ ಚಿಕ್ಕ ಸಂಗ್ರಹಾಲಯವನ್ನೂ ನೋಡಬೇಕು. ನಡಿಗೆ ಬಹಳವಿದೆ, ಮಂಡಿನೋವಿನವರು ಬೆಳಿಗ್ಗೆಯೇ ಹೊರಡುವುದು ಲೇಸು.

ಆಲ್ಟ್ಸ್‌ವಿಲ್‌ನ ಹಳೆಯ ರೈಲು ನಿಲ್ದಾಣವನ್ನು ಹತ್ತಿರದಲ್ಲೇ ಉಳಿಸಿದ್ದಾರೆ. ಆ ಊರಿದ್ದ ಕಡೆ ನದಿ ತಗ್ಗಿದಾಗ ಹಳೆಯ ರಸ್ತೆ ಮತ್ತು ಅಡಿಪಾಯಗಳು ಮೇಲೆ ಕಾಣುತ್ತವೆ. ನಾವು ಹೋದ ದಿನ ನದಿ ತುಂಬಿತ್ತು; ಆದರೂ ಮಗಳು ಕಾರು ನಿಲ್ಲಿಸಿದಳು.