ಅಪ್‌ಡೇಟ್ ಆದ ಮೇಲೆ ಬ್ಯಾಟರಿ ನಿಲ್ಲದ ಫೋನ್: ಎರಡು ಬೇಸಿಗೆ ಬಳಸಿದವರ ವಿಮರ್ಶೆ

ಕಲಬುರಗಿಯ ದಾಲ್ ಮಿಲ್ಲೊಂದಕ್ಕೆ ತೊಗರಿ ಖರೀದಿಸುವುದು ನನ್ನ ಕೆಲಸ. ಆಳಂದ, ಅಫಜಲಪುರ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ದಿನವಿಡೀ ತಿರುಗುವಾಗ ದರ ಕೇಳುವುದು, ತೂಕದ ಚೀಟಿಯ ಫೋಟೋ ಕಳುಹಿಸುವುದು, ರೈತರ ಖಾತೆಗೆ ಹಣ ಹಾಕುವುದು ಎಲ್ಲವೂ ಫೋನಿನಲ್ಲಿಯೇ ನಡೆಯಬೇಕಾದ್ದರಿಂದ, ಮನೆಗೆ ಮರಳುವವರೆಗೂ ಅದರಲ್ಲಿ ಚಾರ್ಜ್ ಇರಲೇಬೇಕು. 5000 ಎಂಎಎಚ್ ಬ್ಯಾಟರಿಯ ಈ ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನನ್ನು ಕೊಂಡದ್ದು ಆ ಒಂದೇ ಕಾರಣಕ್ಕೆ. ಪರದೆ ಬಿಸಿಲಿನಲ್ಲಿಯೂ ಸ್ಪಷ್ಟವಾಗಿ ಕಾಣುತ್ತದೆ, ಕ್ಯಾಮೆರಾ ನನ್ನ ಅಗತ್ಯಕ್ಕೆ ಸಾಕು, ಕರೆಯ ಧ್ವನಿಯೂ ಚೆನ್ನಾಗಿದೆ. ಅವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬರೆಯಬೇಕಾದದ್ದು ಬ್ಯಾಟರಿಯ ಬಗ್ಗೆ.

ಮೊದಲ ವರ್ಷ ಸಂಜೆಗೆ ಮೂರನೇ ಒಂದು ಭಾಗದಷ್ಟು ಚಾರ್ಜ್ ಉಳಿಯುತ್ತಿತ್ತು. ಆಂಡ್ರಾಯ್ಡ್‌ನ ಹೊಸ ಆವೃತ್ತಿಯ ಅಪ್‌ಡೇಟ್ ಹಾಕಿದ ಮೇಲೆ ಮಧ್ಯಾಹ್ನದ ಊಟದ ಹೊತ್ತಿಗೇ ಪರದೆಯ ಮೇಲೆ ಕೆಂಪು ಗುರುತು ಕಾಣಿಸತೊಡಗಿತು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಫೋನನ್ನು ಪರೀಕ್ಷೆಗೂ ಹಚ್ಚದೆ ಬ್ಯಾಟರಿ ಬದಲಿಸಿ ಎಂದರು. ನಿನ್ನೆಯವರೆಗೆ ಸರಿಯಾಗಿದ್ದ ಬ್ಯಾಟರಿ ಒಂದು ಅಪ್‌ಡೇಟಿನ ರಾತ್ರಿಯಲ್ಲಿ ಸವೆದುಹೋಗುವುದಿಲ್ಲ ಎಂಬುದು ಅಲ್ಲಿ ಕುಳಿತವರಿಗೆ ಗೊತ್ತಿರಬೇಕಿತ್ತು. ಲಿಥಿಯಂ ಅಯಾನ್ ಬ್ಯಾಟರಿಯ ಶಕ್ತಿ ನೂರಾರು ಚಾರ್ಜ್‌ಗಳ ಅವಧಿಯಲ್ಲಿ ನಿಧಾನವಾಗಿ ಕುಗ್ಗುತ್ತದೆ. ಇದ್ದಕ್ಕಿದ್ದಂತೆ ಚಾರ್ಜ್ ಇಳಿಯಲು ಶುರುವಾದರೆ ಅದನ್ನು ಯಾರು ಖರ್ಚು ಮಾಡುತ್ತಿದ್ದಾರೆ ಎಂದು ಮೊದಲು ಹುಡುಕಬೇಕು.

ದೊಡ್ಡ ಅಪ್‌ಡೇಟಿನ ನಂತರದ ಮೊದಲ ಎರಡು ಮೂರು ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಆ ಅವಧಿಯಲ್ಲಿ ಫೋನ್ ತನ್ನಲ್ಲಿರುವ ಆ್ಯಪ್‌ಗಳನ್ನು ಹೊಸ ವ್ಯವಸ್ಥೆಗೆ ಹೊಂದುವಂತೆ ಮತ್ತೆ ಸಿದ್ಧಗೊಳಿಸುತ್ತದೆ, ಫೋಟೋ ಮತ್ತು ಕಡತಗಳ ಪಟ್ಟಿಯನ್ನು ಹೊಸದಾಗಿ ಮಾಡಿಕೊಳ್ಳುತ್ತದೆ. ಇವೆಲ್ಲವೂ ಹಿನ್ನೆಲೆಯಲ್ಲಿ ನಡೆಯುವುದರಿಂದ ಫೋನ್ ಬೆಚ್ಚಗಾಗುತ್ತದೆ, ಚಾರ್ಜ್ ಬೇಗ ಇಳಿಯುತ್ತದೆ. 2018ರ ಆಂಡ್ರಾಯ್ಡ್ 9ರಲ್ಲಿ ಬಂದ ಅಡಾಪ್ಟಿವ್ ಬ್ಯಾಟರಿ ಎಂಬ ಸೌಲಭ್ಯವೂ ನಾವು ಯಾವ ಆ್ಯಪ್‌ಗಳನ್ನು ಎಷ್ಟು ಬಳಸುತ್ತೇವೆ ಎಂಬುದನ್ನು ನೋಡಿ ಕಲಿಯುವಂಥದ್ದು, ಅದಕ್ಕೆ ಸ್ವಲ್ಪ ಸಮಯ ಬೇಕು. ವಾರ ಕಳೆದರೂ ಸುಧಾರಿಸದಿದ್ದರೆ ಮಾತ್ರ ತನಿಖೆ ಆರಂಭಿಸಬೇಕು. ನನ್ನ ಫೋನ್ ಸುಧಾರಿಸಲಿಲ್ಲ.

ತನಿಖೆಯನ್ನು ರಾತ್ರಿಯ ಹೊತ್ತು ಮಾಡುವುದು ಉತ್ತಮ. ಹಗಲಿನ ಬಳಕೆ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಮಲಗಿದ ಮೇಲೆ ಪರದೆ ಆರಿರುತ್ತದೆ, ಯಾರೂ ಮುಟ್ಟುವುದಿಲ್ಲ, ಆದ್ದರಿಂದ ಚಾರ್ಜಿನಲ್ಲಿ ಇಳಿದ ಪ್ರತಿಯೊಂದು ಶೇಕಡಾ ಅಂಕಕ್ಕೂ ಫೋನೇ ಉತ್ತರ ಹೇಳಬೇಕು. 2015ರ ಆಂಡ್ರಾಯ್ಡ್ 6ರಿಂದಲೇ ಅಲುಗಾಡದೆ ಬಿದ್ದಿರುವ ಫೋನನ್ನು ಗಾಢ ನಿದ್ದೆಗೆ ಕಳುಹಿಸುವ ಡೋಜ್ ಎಂಬ ವ್ಯವಸ್ಥೆ ಇದೆ. ಅದು ಸರಿಯಾಗಿ ನಡೆದರೆ ಬೆಳಗಿನವರೆಗೆ ನಾಲ್ಕೈದು ಅಂಕಕ್ಕಿಂತ ಹೆಚ್ಚು ಇಳಿಯಬಾರದು ಎಂಬುದು ಈ ಫೋನಿನ ಹಳೆಯ ಅನುಭವ. ಅಪ್‌ಡೇಟಿನ ನಂತರ ರಾತ್ರಿ 80 ಇದ್ದದ್ದು ಬೆಳಿಗ್ಗೆ 58ಕ್ಕೆ ಬರುತ್ತಿತ್ತು. ಮರುರಾತ್ರಿ ಏರೋಪ್ಲೇನ್ ಮೋಡಿನಲ್ಲಿ ಇಟ್ಟಾಗ ಇಳಿದದ್ದು ಎರಡೇ ಅಂಕ. ಸರ್ವಿಸ್ ಸೆಂಟರಿನ ಮಾತು ಸುಳ್ಳೆಂದು ಅಲ್ಲಿಗೇ ಖಚಿತವಾಯಿತು: ಕೆಟ್ಟ ಬ್ಯಾಟರಿ ನೆಟ್‌ವರ್ಕ್ ಬಂದ್ ಮಾಡಿದ ಮಾತ್ರಕ್ಕೆ ನೆಟ್ಟಗಾಗುವುದಿಲ್ಲ. ಬಳಿಕ ನೆಟ್‌ವರ್ಕ್ ಚಾಲೂ ಇಟ್ಟು ಸೇಫ್ ಮೋಡಿನಲ್ಲಿ, ಅಂದರೆ ನಾವು ಹಾಕಿಕೊಂಡ ಆ್ಯಪ್‌ಗಳೆಲ್ಲ ನಿಷ್ಕ್ರಿಯವಾಗಿರುವ ಸ್ಥಿತಿಯಲ್ಲಿ ಇಟ್ಟೆ. ಆಗ ಸುಮಾರು ಹತ್ತು ಅಂಕ ಇಳಿಯಿತು. ಹಾಗಾದರೆ ತೊಂದರೆಯ ಒಂದು ಪಾಲು ಯಾವುದೋ ಆ್ಯಪಿನದು, ಉಳಿದ ಪಾಲು ಸಿಗ್ನಲಿನದು.

ಆ್ಯಪನ್ನು ಹಿಡಿಯಲು ಸೂಪರ್ ಮಾರ್ಕೆಟ್ ಕಡೆಯ ರಿಪೇರಿ ಅಂಗಡಿಯ ಹುಡುಗ ನೆರವಾದ. ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟವನ್ನು ತೆರೆದು ತೋರಿಸಿ, "ಬ್ಯಾಟ್ರಿ ಚಲೋ ಅದ ರೀ ಸರ, ಒಳಗ ಈ ಆ್ಯಪ್ ರಾತ್ರಿಯೆಲ್ಲ ನಡದದ ನೋಡ್ರಿ" ಎಂದ. ಅದು ಮಾರುಕಟ್ಟೆ ದರ ಮತ್ತು ಹವಾಮಾನ ತೋರಿಸುವ ಆ್ಯಪ್. ಪರದೆಯ ಮೇಲೆ ತೆರೆದಿದ್ದು ಕೆಲವೇ ನಿಮಿಷ, ಹಿನ್ನೆಲೆಯಲ್ಲಿ ನಡೆದದ್ದು ಹಲವು ಗಂಟೆ. ಊರೂರಿನ ಹವಾಮಾನ ಹೇಳುವ ನೆಪದಲ್ಲಿ ಅದು ಸದಾ ಲೊಕೇಶನ್ ಕೇಳುತ್ತಿತ್ತು. ಲೊಕೇಶನ್ ಅನುಮತಿಯನ್ನು 'ಆ್ಯಪ್ ಬಳಸುವಾಗ ಮಾತ್ರ' ಎಂದು ಬದಲಿಸಿ, ಬ್ಯಾಟರಿ ಬಳಕೆಯನ್ನು 'ರಿಸ್ಟ್ರಿಕ್ಟೆಡ್' ಮಾಡಿದ ರಾತ್ರಿಯಿಂದಲೇ ಇಳಿತ ಅರ್ಧಕ್ಕೆ ಬಂತು. ಆದರೆ ವಾಟ್ಸ್ಯಾಪ್ ಮತ್ತು ಹಣ ಪಾವತಿಯ ಆ್ಯಪ್‌ಗಳಿಗೆ ಈ ನಿರ್ಬಂಧ ಹಾಕಬೇಡಿ. ಸಂದೇಶಗಳು ತಡವಾಗಿ ಬರುತ್ತವೆ, ದರ ಗಳಿಗೆಗೊಮ್ಮೆ ಬದಲಾಗುವ ನಮ್ಮ ವ್ಯವಹಾರದಲ್ಲಿ ಅದು ನಷ್ಟದ ಬಾಬತ್ತು.

ಸಿಗ್ನಲಿನ ವಿಷಯವನ್ನು ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕು. ಟವರ್ ದೂರವಿದ್ದಷ್ಟೂ ಫೋನ್ ಹೆಚ್ಚು ಶಕ್ತಿ ಹಾಕಿ ಮಾತನಾಡಬೇಕಾಗುತ್ತದೆ. ನಗರದಲ್ಲಿ 5ಜಿ ಚೆನ್ನಾಗಿ ಸಿಕ್ಕರೂ, ಊರು ದಾಟಿದ ಮೇಲೆ ಅದು ಬಂದು ಹೋಗಿ ಮಾಡುವ ಕಡೆಗಳಲ್ಲಿ ಫೋನ್ 4ಜಿ ಮತ್ತು 5ಜಿಗಳ ನಡುವೆ ಮತ್ತೆ ಮತ್ತೆ ಹೊಯ್ದಾಡುತ್ತದೆ. ಎರಡು ಸಿಮ್ ಇದ್ದರೆ ಈ ಹುಡುಕಾಟ ಎರಡು ಪಟ್ಟು. ನಾನು ಹಿಂದೆಯೇ 4ಜಿಗೆ ಇಟ್ಟಿದ್ದ ನೆಟ್‌ವರ್ಕ್ ಆಯ್ಕೆಯನ್ನು ಅಪ್‌ಡೇಟ್ 5ಜಿ ಆಟೋಗೆ ತಿರುಗಿಸಿತ್ತು. ಅದರೊಂದಿಗೆ ಪರದೆಯ ರಿಫ್ರೆಶ್ ದರವನ್ನೂ, ಅಂದರೆ ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಎಂಬುದನ್ನೂ, 120 ಹರ್ಟ್ಜ್‌ಗೆ ಏರಿಸಿತ್ತು; ಅದು ಹೆಚ್ಚಿದಷ್ಟೂ ಚಾರ್ಜ್ ಖರ್ಚಾಗುತ್ತದೆ. ಮತ್ತೆ 4ಜಿಗೆ ಮರಳಿಸಿದ ಮೇಲೆ ಚಿಂಚೋಳಿಯ ದಾರಿಯಲ್ಲಿಯೂ ಫೋನ್ ಜೇಬಿನಲ್ಲಿ ಸುಮ್ಮನೆ ಬಿಸಿಯಾಗುವುದು ನಿಂತಿತು. ಬಳಕೆದಾರರು ಮಾಡಿಕೊಂಡ ಆಯ್ಕೆಯನ್ನು ಹೇಳದೆ ಕೇಳದೆ ಬದಲಿಸುವುದು ಈ ತಯಾರಕರ ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ. ಅಪ್‌ಡೇಟಿನ ಟಿಪ್ಪಣಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇನ್ನು ಬಿಸಿಲು. ಸಾಮಾನ್ಯವಾಗಿ ತಯಾರಕರು 35 ಡಿಗ್ರಿಯವರೆಗಿನ ವಾತಾವರಣದಲ್ಲಿ ಫೋನ್ ಬಳಸಲು ಹೇಳುತ್ತಾರೆ. ಮೇ ತಿಂಗಳಲ್ಲಿ ಕಲಬುರಗಿಯ ನೆರಳಿನಲ್ಲಿಯೇ 42 ಡಿಗ್ರಿ ದಾಟುತ್ತದೆ. ಇದು ಅಪ್‌ಡೇಟಿಗೆ ಸಂಬಂಧಿಸಿದ ದೋಷವಲ್ಲ, ಆದರೆ ಬ್ಯಾಟರಿಯನ್ನು ಶಾಶ್ವತವಾಗಿ ಸವೆಸುವುದು ಇದೇ. ಜೀಪಿನ ಮುಂಭಾಗದ ಗಾಜಿನ ಹತ್ತಿರ ಇಟ್ಟು ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಬೇಸಿಗೆಯಲ್ಲಿ ಚಾರ್ಜಿಂಗ್ ಮಿತಿಯನ್ನು 80ಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಬ್ಯಾಟರಿ ಉಳಿಸುತ್ತೇವೆ ಎನ್ನುವ ಆ್ಯಪ್‌ಗಳಿಂದ ಪ್ರಯೋಜನವಿಲ್ಲ. ತೆರೆದ ಆ್ಯಪ್‌ಗಳನ್ನು ಮೇಲಿಂದ ಮೇಲೆ ಮುಚ್ಚುತ್ತಿದ್ದರೆ, ಅವು ಪ್ರತಿ ಸಲ ಮೊದಲಿನಿಂದ ತೆರೆಯಬೇಕಾಗಿ ಖರ್ಚು ಹೆಚ್ಚುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಫೋನಿನಲ್ಲಿದ್ದುದನ್ನೆಲ್ಲ ಅಳಿಸಿ ಮೊದಲಿನ ಸ್ಥಿತಿಗೆ ತನ್ನಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಮೇಲಿನ ಪರೀಕ್ಷೆಗಳೆಲ್ಲ ಮುಗಿದು ಕಾರಣ ಸಿಗದೆ ಹೋದಾಗ, ಬ್ಯಾಕಪ್ ತೆಗೆದುಕೊಂಡ ನಂತರವಷ್ಟೇ ಅದಕ್ಕೆ ಕೈಹಾಕಬೇಕು.

ಮುಂದಿನ ಸಣ್ಣ ಅಪ್‌ಡೇಟ್ ಬಂದ ಮೇಲೆ ರಾತ್ರಿಯ ಇಳಿತ ಮತ್ತಷ್ಟು ತಗ್ಗಿ ಈಗ ಐದಾರು ಅಂಕಗಳ ಒಳಗಿದೆ. ಸಂಜೆಗೆ ಕಾಲು ಭಾಗ ಉಳಿಯುತ್ತದೆ. ಎರಡು ಬೇಸಿಗೆ ಕಂಡ ಬ್ಯಾಟರಿಗೆ ಇದು ಕಡಿಮೆಯೇನಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ವಿಡಿಯೋ ಕರೆ ಮಾಡಿದರೆ ಈಗಲೂ ಬಿಸಿಯಾಗಿ ಪರದೆ ಮಂಕಾಗುತ್ತದೆ. ಫೋನಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಸರ್ವಿಸ್ ಸೆಂಟರಿನ ಸೇವೆಗೆ ಒಂದು. ಕೊಳ್ಳುವವರು ಕೊಳ್ಳಬಹುದು; ಹೊಸ ಆವೃತ್ತಿ ಬಂದ ದಿನವೇ ಹಾಕಿಕೊಳ್ಳದೆ ಮೊದಲ ಸಣ್ಣ ತಿದ್ದುಪಡಿ ಬರುವವರೆಗೆ ಕಾಯಿರಿ, ಆದರೆ ತಿಂಗಳ ಸುರಕ್ಷತಾ ಅಪ್‌ಡೇಟ್‌ಗಳನ್ನು ಮಾತ್ರ ತಡಮಾಡಬೇಡಿ.