ಐಇಎಲ್‌ಟಿಎಸ್ ಬರೆಯಬೇಕಾ, ಓಇಟಿ ಬರೆಯಬೇಕಾ? ಎರಡನ್ನೂ ಬರೆದ ನರ್ಸ್ ಆಗಿ ನನ್ನ ಹೋಲಿಕೆ

ಯುಕೆಗೆ ಹೋಗಬೇಕು ಅಕ್ಕ, ಯಾವ ಪರೀಕ್ಷೆ ಕಟ್ಟಲಿ? ವಾರ್ಡಿನಲ್ಲಿ ಜೂನಿಯರ್ ಹುಡುಗಿಯರು ನನ್ನನ್ನು ತಿಂಗಳಿಗೊಮ್ಮೆಯಾದರೂ ಕೇಳುವ ಪ್ರಶ್ನೆ ಇದು. ಎರಡೂ ಇಂಗ್ಲಿಷ್ ಬರುತ್ತದಾ ಅಂತ ನೋಡುವ ಪರೀಕ್ಷೆಗಳೇ; ಐಇಎಲ್‌ಟಿಎಸ್ ಯಾರು ಬೇಕಾದರೂ ಬರೆಯಬಹುದು, ಓಇಟಿ ಆರೋಗ್ಯ ಸೇವೆಯವರಿಗೆ. ನಾನು ಐಇಎಲ್‌ಟಿಎಸ್ ಎರಡು ಸಲ ಬರೆದೆ, ಓಇಟಿ ಒಂದು ಸಲ. ಕೈ ಹಿಡಿದದ್ದು ಓಇಟಿ. ಆದರೂ "ಓಇಟಿ ಸುಲಭ, ಕಣ್ಣು ಮುಚ್ಚಿ ಅದನ್ನೇ ತಗೋ" ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲು ಎಷ್ಟು ಅಂಕ ಬೇಕು ಅಂತ ಹೇಳಿಬಿಡುತ್ತೇನೆ. ಯುಕೆಯಲ್ಲಿ ನರ್ಸ್‌ಗಳ ನೋಂದಣಿ ಮಾಡುವ ಎನ್‌ಎಂಸಿ ಎರಡನ್ನೂ ಒಪ್ಪುತ್ತದೆ. ಐಇಎಲ್‌ಟಿಎಸ್ ಆದರೆ ಅದರಲ್ಲಿ ಅಕಾಡೆಮಿಕ್ ಅನ್ನುವ ಬಗೆಯನ್ನು ಬರೆಯಬೇಕು. ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ 7, ರೈಟಿಂಗ್‌ನಲ್ಲಿ 6.5. ಓಇಟಿ ಆದರೆ ಆ ಮೂರರಲ್ಲಿ ಬಿ ಗ್ರೇಡ್, ಅಂದರೆ 500ಕ್ಕೆ 350, ರೈಟಿಂಗ್‌ಗೆ ಸಿ ಪ್ಲಸ್, 300.

ಐಇಎಲ್‌ಟಿಎಸ್‌ನಲ್ಲಿ ನನ್ನನ್ನು ಎರಡು ಸಲವೂ ಕೆಡವಿದ್ದು ರೈಟಿಂಗ್. ಒಂದು ಗಂಟೆಯಲ್ಲಿ ಎರಡು ಬರಹ. ಮೊದಲನೆಯದು ಗ್ರಾಫೋ ನಕ್ಷೆಯೋ ನೋಡಿ 150 ಪದ, ಎರಡನೆಯದು 250 ಪದದ ಪ್ರಬಂಧ. ಈ ಎರಡನೆಯದಕ್ಕೆ ಡಬಲ್ ತೂಕ. ಮ್ಯೂಸಿಯಂಗೆ ಟಿಕೆಟ್ ಇರಬೇಕೋ ಬೇಡವೋ, ನಗರದಲ್ಲಿ ಕಾರು ಕಡಿಮೆ ಮಾಡುವುದು ಹೇಗೆ, ಇಂಥ ವಿಷಯಗಳು ಬರುತ್ತವೆ. ಎಂಟು ಗಂಟೆ ಡ್ಯೂಟಿ ಮುಗಿಸಿ ಬಂದು ಇವುಗಳ ಬಗ್ಗೆ ಅಭಿಪ್ರಾಯ ಕಟ್ಟುವುದು ನನಗೆ ಕಷ್ಟವಾಯಿತು. ಇಂಗ್ಲಿಷ್ ಬರುತ್ತಿತ್ತು, ಹೇಳಲು ವಿಷಯ ಇರುತ್ತಿರಲಿಲ್ಲ. ನಾನು ಸೇರಿದ್ದ ಕೋಚಿಂಗ್ ಸೆಂಟರ್‌ನಲ್ಲಿ ಇದಕ್ಕೆ ಪರಿಹಾರ ಅಂತ ನಲವತ್ತು ರೆಡಿಮೇಡ್ ವಾಕ್ಯ ಕೊಟ್ಟರು. ಯಾವ ವಿಷಯ ಬಂದರೂ ಇವನ್ನೇ ಜೋಡಿಸಿ ಅಂದರು. ನಾನು ರಾತ್ರಿಯೆಲ್ಲ ಕೂತು ಬಾಯಿಪಾಠ ಮಾಡಿದೆ. ಬಾಯಿಪಾಠದ ವಾಕ್ಯಗಳನ್ನು ಪರೀಕ್ಷಕರು ಥಟ್ಟನೆ ಹಿಡಿಯುತ್ತಾರೆ, ಅದಕ್ಕೆ ಅಂಕ ಬರುವುದಿಲ್ಲ ಅಂತ ನನಗೆ ಯಾರೂ ಹೇಳಲಿಲ್ಲ. ಮೊದಲ ಸಲ 6, ಎರಡನೇ ಸಲವೂ 6. ಬೇಕಿದ್ದ 6.5ಕ್ಕೆ ಬರೀ ಅರ್ಧ ಬ್ಯಾಂಡ್, ಅಂದರೆ ಅರ್ಧ ಅಂಕ, ಕಡಿಮೆ! ಆ ಸಂಜೆ ಹಾಸ್ಟೆಲ್ ಟೆರೇಸ್ ಮೇಲೆ ಕೂತು ಅತ್ತಿದ್ದು ಈಗಲೂ ನೆನಪಿದೆ.

ಓಇಟಿ ರೈಟಿಂಗ್ ಬೇರೆಯೇ ಲೋಕ. ರೋಗಿಯ ಕೇಸ್ ನೋಟ್ಸ್ ಕೊಡುತ್ತಾರೆ. ಓದಲು 5 ನಿಮಿಷ, ಬರೆಯಲು 40 ನಿಮಿಷ. ಸುಮಾರು 180ರಿಂದ 200 ಪದಗಳ ಒಂದೇ ಪತ್ರ. ಡಿಸ್ಚಾರ್ಜ್ ಆಗುತ್ತಿರುವ ಅಜ್ಜಿಯನ್ನು ಮನೆಗೆ ಬಂದು ನೋಡುವ ನರ್ಸ್‌ಗೆ ಒಪ್ಪಿಸುವ ಪತ್ರ ಅಂತ ಇಟ್ಟುಕೊಳ್ಳಿ. ಇದು ನಾವು ದಿನಾ ಮಾಡುವ ಕೆಲಸ ಅಲ್ವಾ? ಹಾಗಂತ ನಾನೂ ಅಂದುಕೊಂಡೆ. ಮೊದಲ ಪ್ರಾಕ್ಟೀಸ್ ಪತ್ರದಲ್ಲಿ ನೋಟ್ಸ್‌ನಲ್ಲಿ ಇದ್ದದ್ದನ್ನೆಲ್ಲ ತುಂಬಿದೆ. ಹತ್ತು ವರ್ಷದ ಹಿಂದಿನ ಅಪೆಂಡಿಕ್ಸ್ ಆಪರೇಷನ್, ಮಗನ ಉದ್ಯೋಗ, ಮೂರು ದಿನದ ಬಿಪಿ ರೀಡಿಂಗ್, ಎಲ್ಲವೂ. ಆ ಮನೆಗೆ ಹೋಗುವ ನರ್ಸ್‌ಗೆ ಬೇಕಿದ್ದದ್ದು ಒಂದೇ, ಕಾಲಿನ ಗಾಯಕ್ಕೆ ಎಷ್ಟು ದಿನಕ್ಕೊಮ್ಮೆ ಡ್ರೆಸ್ಸಿಂಗ್. ಅದು ನನ್ನ ಪತ್ರದಲ್ಲಿ ಕೊನೆಯ ಸಾಲಿನಲ್ಲಿತ್ತು. ಏನು ಬಿಡಬೇಕು ಅಂತ ಗೊತ್ತಿರುವುದಕ್ಕೇ ಇಲ್ಲಿ ಅಂಕ. ಯಾಕೆ ಬರೆಯುತ್ತಿದ್ದೇನೆ ಅನ್ನುವುದು ಮೊದಲ ಪ್ಯಾರಾದಲ್ಲೇ ಬರಬೇಕು. ನಾವು ಚಾರ್ಟ್‌ನಲ್ಲಿ ಗೀಚುವ "ಬಿ.ಡಿ." (ದಿನಕ್ಕೆರಡು ಸಲ), "ಟಿಡಿಎಸ್" (ದಿನಕ್ಕೆ ಮೂರು ಸಲ), "ಎಸ್‌ಒಬಿ" (ಉಸಿರಾಟದ ತೊಂದರೆ) ಇವೆಲ್ಲ ಸೋಷಿಯಲ್ ವರ್ಕರ್‌ಗೆ ಬರೆಯುವ ಪತ್ರದಲ್ಲಿ ನಡೆಯುವುದಿಲ್ಲ. ಬಿಡಿಸಿ ಬರೆಯಬೇಕು. ಇಪ್ಪತ್ತೈದು ಪತ್ರ ಬರೆದ ಮೇಲೆ ನನಗೆ ಕೈ ಕೂತಿತು.

ಸ್ಪೀಕಿಂಗ್‌ನಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ಐಇಎಲ್‌ಟಿಎಸ್‌ನಲ್ಲಿ ಪರೀಕ್ಷಕರ ಎದುರು 11ರಿಂದ 14 ನಿಮಿಷ ಮಾತು. ಊರು, ಹವ್ಯಾಸ, ಆಮೇಲೆ ವಿಷಯ ಬರೆದ ಒಂದು ಕಾರ್ಡ್, ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ಮಾತಾಡಬೇಕು. ಮಾತುಗಾರರಿಗೆ ಇದು ಸಲೀಸು. ನನಗೆ 7 ಬಂತು. ಓಇಟಿಯಲ್ಲಿ ಎರಡು ರೋಲ್ ಪ್ಲೇ, ಒಂದೊಂದು ಸುಮಾರು 5 ನಿಮಿಷ. ನೀವು ನರ್ಸ್, ಎದುರಿಗಿರುವವರು ರೋಗಿ ಅಥವಾ ರೋಗಿಯ ಕಡೆಯವರು. ಅವರು ಅಂಕ ಕೊಡುವುದಿಲ್ಲ, ರೆಕಾರ್ಡಿಂಗ್ ಕೇಳಿ ಬೇರೆಯವರು ಕೊಡುತ್ತಾರೆ. ನನ್ನ ಗೆಳತಿ ನೈಟ್ ಡ್ಯೂಟಿಯ ಬಿಡುವಿನಲ್ಲಿ ಇನ್ಸುಲಿನ್ ಬೇಡ ಅನ್ನುವ ರೋಗಿಯಾಗಿ ಕೂತಳು. ನಾನು ನೇರ ಶುರು ಹಚ್ಚಿಕೊಂಡೆ: ಹೀಗೆ ಚುಚ್ಚಿಕೊಳ್ಳಿ, ಫ್ರಿಜ್‌ನಲ್ಲಿ ಇಡಿ, ಊಟ ಬಿಡಬೇಡಿ. ಅವಳು ತಡೆದು, "ನಾನು ಯಾಕೆ ಬೇಡ ಅಂತಿದೀನಿ ಅಂತ ನೀನು ಕೇಳಲೇ ಇಲ್ವಲ್ಲೇ" ಅಂದಳು. ಆ ಮಾತು ನನಗೆ ನಾಟಿತು. ರೋಗಿಯ ಭಯ ಏನು ಅಂತ ಕೇಳುವುದಕ್ಕೆ, ಅರ್ಥ ಆಯ್ತಾ ಅಂತ ನೋಡುವುದಕ್ಕೆ ಓಇಟಿಯಲ್ಲಿ ಬೇರೆಯೇ ಅಂಕ ಇದೆ. ನಮ್ಮ ವಾರ್ಡುಗಳಲ್ಲಿ ಒಬ್ಬರಿಗೆ ಅಷ್ಟೊಂದು ರೋಗಿಗಳಿರುವಾಗ ಈ ಪ್ರಶ್ನೆ ಕೇಳಲು ಪುರುಸೊತ್ತೇ ಇರುವುದಿಲ್ಲ. ಈ ಒಂದು ಅಭ್ಯಾಸಕ್ಕಾಗಿಯಾದರೂ ಓಇಟಿ ಓದಿದ್ದು ಸಾರ್ಥಕ ಅನ್ನಿಸುತ್ತದೆ.

ಉಚ್ಚಾರಣೆ ಎರಡರಲ್ಲೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಕಡೆ ಹಾಸನವನ್ನು ಆಸನ ಅನ್ನುವವರು ಬೇಕಾದಷ್ಟು ಜನ. ನಾನೂ ಹಾಗೇ ಬೆಳೆದವಳು. ರೆಕಾರ್ಡ್ ಮಾಡಿ ಕೇಳಿದಾಗ ಹಾರ್ಟ್ ಅನ್ನುವುದು ಆರ್ಟ್ ಅಂತ ಕೇಳಿಸುತ್ತಿತ್ತು. ದಿನಾ ಹತ್ತು ನಿಮಿಷ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ತಿದ್ದಿಕೊಂಡೆ.

ಲಿಸನಿಂಗ್ ವಿಷಯದಲ್ಲಿ ನನ್ನ ಮತ ಐಇಎಲ್‌ಟಿಎಸ್‌ಗೆ. ಎರಡರಲ್ಲೂ ಆಡಿಯೋ ಒಂದೇ ಸಲ. ಐಇಎಲ್‌ಟಿಎಸ್‌ನಲ್ಲಿ 40 ಪ್ರಶ್ನೆ, ಸ್ಪೆಲಿಂಗ್ ಮತ್ತು ಬಹುವಚನ ನೋಡಿಕೊಂಡರೆ ಆಗುತ್ತದೆ. ಓಇಟಿಯಲ್ಲಿ 42. ಅದರ ಮೊದಲ ಭಾಗದಲ್ಲಿ ರೋಗಿ ಸರಸರ ಹೇಳಿಕೊಂಡು ಹೋಗುತ್ತಾನೆ, ನಾವು ಖಾಲಿ ಜಾಗ ತುಂಬುತ್ತಿರಬೇಕು. ಒಂದು ತಪ್ಪಿದರೆ ಹಿಂದೆಯೇ ಎರಡು ಹೋಗುತ್ತವೆ. ರೀಡಿಂಗ್‌ನಲ್ಲೂ ಓಇಟಿಯ ಎ ಭಾಗ ಉಸಿರು ಕಟ್ಟಿಸುತ್ತದೆ. ನಾಲ್ಕು ಪುಟ್ಟ ಬರಹ, 20 ಪ್ರಶ್ನೆ, 15 ನಿಮಿಷ. ಅಷ್ಟೇ. ಐಇಎಲ್‌ಟಿಎಸ್ ರೀಡಿಂಗ್‌ನಲ್ಲಿ ಟೈಮ್ ನಮ್ಮ ಕೈಲಿರುತ್ತದೆ. ಆದರೆ ಕೊಟ್ಟ ಹೇಳಿಕೆ ಬರಹದ ಪ್ರಕಾರ ಸರಿಯೋ, ತಪ್ಪೋ, ಅದರಲ್ಲಿ ಹೇಳೇ ಇಲ್ಲವೋ ಅಂತ ಗುರುತಿಸುವ ಪ್ರಶ್ನೆಗಳಲ್ಲಿ "ತಪ್ಪು" ಮತ್ತು "ಹೇಳಿಲ್ಲ" ಇವೆರಡರ ನಡುವೆ ತಲೆ ಕೆಡುತ್ತದೆ.

ದುಡ್ಡಿನ ಮಾತು. ಐಇಎಲ್‌ಟಿಎಸ್‌ಗೆ ನಾನು ಒಂದು ಸಲಕ್ಕೆ ಕಟ್ಟಿದ್ದು ಸುಮಾರು 17 ಸಾವಿರ. ಓಇಟಿಗೆ ಆಗ 587 ಆಸ್ಟ್ರೇಲಿಯನ್ ಡಾಲರ್, ಅಂದರೆ 30 ಸಾವಿರದ ಮೇಲೆ. ಆ ಮೊತ್ತ ನೋಡಿಯೇ ನಾನು ಮೊದಲು ಐಇಎಲ್‌ಟಿಎಸ್ ಕಡೆ ಹೋದದ್ದು. ಎರಡು ಸಲ ಕಟ್ಟುವಷ್ಟರಲ್ಲಿ ಲೆಕ್ಕ ಸಮ ಆಯಿತು.

ಹಾಗಾಗಿ ನನ್ನನ್ನು ಕೇಳುವವರಿಗೆ ನಾನು ಹೇಳುವುದು ಇಷ್ಟು. ಫೀಸ್ ಕಟ್ಟುವ ಮೊದಲು ಎರಡರದ್ದೂ ಸ್ಯಾಂಪಲ್ ರೈಟಿಂಗ್ ಒಂದೊಂದು, ಗಡಿಯಾರ ಇಟ್ಟುಕೊಂಡು ಬರೆಯಿರಿ. ಯಾವುದರಲ್ಲಿ ಪೆನ್ನು ನಿಲ್ಲುತ್ತದೆ ನೋಡಿ. ವಾರ್ಡಿನಲ್ಲಿ ಎರಡು ಮೂರು ವರ್ಷ ಪಳಗಿದವರಿಗೆ ಓಇಟಿ ಹತ್ತಿರ. ಕಾಲೇಜಿನಿಂದ ಈಗಷ್ಟೇ ಹೊರಗೆ ಬಂದವರಿಗೆ, ಪ್ರಬಂಧ ಬರೆಯುವ ಅಭ್ಯಾಸ ಇರುವವರಿಗೆ ಐಇಎಲ್‌ಟಿಎಸ್ ಸಾಕು, ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ನನ್ನ ತಂಗಿ ಬಿಕಾಂ ಓದಿದವಳು, ಮಾಸ್ಟರ್ಸ್‌ಗೆ ಹೊರಗೆ ಹೋಗುವ ಆಸೆ ಇದೆ. ಅವಳಿಗೆ ಓಇಟಿ ಬರೆಯಲು ಬರುವುದೇ ಇಲ್ಲ, ಅದು ಆರೋಗ್ಯ ಸೇವೆಯ 12 ವೃತ್ತಿಗಳವರಿಗೆ ಮಾತ್ರ. ನನ್ನ ಐಇಎಲ್‌ಟಿಎಸ್ ಪುಸ್ತಕಗಳನ್ನೆಲ್ಲ ಅವಳಿಗೆ ಕೊಟ್ಟಿದ್ದೇನೆ. ಆ ನಲವತ್ತು ವಾಕ್ಯದ ಹಾಳೆಯನ್ನು ಮಾತ್ರ ಅದರೊಳಗಿಂದ ತೆಗೆದು ಹರಿದು ಹಾಕಿದೆ.